ಕೋಣೆ ಮಾಡಿಕೊಂಡು ಓದುವವರಿಗೆ ವಾರದ ಬುತ್ತಿ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳಿಂದ ಹೆಚ್ಚಿನ ಓದಿಗೆ ಹೊರಟವರೆಲ್ಲರಿಗೂ ಹಾಸ್ಟೆಲ್ ಸಿಗುವುದಿಲ್ಲ. ಬಳ್ಳಾರಿ, ಹೊಸಪೇಟೆ, ಹುಬ್ಬಳ್ಳಿ, ಧಾರವಾಡಗಳಲ್ಲಿ ಮೂರ್ನಾಲ್ಕು ಜನ ಸೇರಿ ಕೋಣೆ ಹಿಡಿಯುತ್ತಾರೆ. ಶುಲ್ಕ, ಬಾಡಿಗೆಗಳನ್ನು ಕಡಿಮೆ ಮಾಡಲು ಬರುವುದಿಲ್ಲ. ಹೀಗಾಗಿ ಕೈ ಬಿಗಿಯಾದಾಗ ಮೊದಲು ಕಡಿತವಾಗುವುದು ಊಟ. ಬೆಳಗಿನ ತಿಂಡಿ ಬಿಟ್ಟು, ಮಧ್ಯಾಹ್ನ ಚಹಾ ಬಿಸ್ಕತ್ತಿನಲ್ಲಿ ದಿನ ಕಳೆಯುವುದು ಉಳಿತಾಯವಲ್ಲ. ಅದರ ಬೆಲೆ ತರಗತಿಯಲ್ಲಿ, ಪರೀಕ್ಷೆಯಲ್ಲಿ, ಆರೋಗ್ಯದಲ್ಲಿ ತೆರಬೇಕಾಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರ ಪೈಕಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಓದುವ ಹೆಣ್ಣುಮಕ್ಕಳು ಈ ಲೆಕ್ಕದ ಹೊರಗಿಲ್ಲ.

ಹಾಸ್ಟೆಲ್ ಸಿಗದ ಅರ್ಹ ವಿದ್ಯಾರ್ಥಿಗಳಿಗಾಗಿ ರಾಜ್ಯ ಸರ್ಕಾರ ವಿದ್ಯಾಸಿರಿ ಯೋಜನೆ ಆರಂಭಿಸಿದಾಗ ನಿಗದಿ ಮಾಡಿದ ನೆರವು ತಿಂಗಳಿಗೆ 1,500 ರೂಪಾಯಿ, ವರ್ಷಕ್ಕೆ 10 ತಿಂಗಳು. ದಿನಕ್ಕೆ 50 ರೂಪಾಯಿ. ಊಟ, ವಸತಿ ಎರಡಕ್ಕೂ ಇದು ಸಾಲದು. ಆದರೆ ಊಟವೊಂದಕ್ಕೇ ಈ ಮಿತಿ ಇಟ್ಟುಕೊಂಡು ವಾರಕ್ಕೊಮ್ಮೆ ಯೋಜಿಸಿ ಅಡುಗೆ ಮಾಡಿದರೆ ಹೊಟ್ಟೆ ತುಂಬುವುದು ಮಾತ್ರವಲ್ಲ, ಮೈಗೂ ಹಿಡಿಯುತ್ತದೆ. ಅದಕ್ಕೆ ಬೇಕಾದ ಜಾಣ್ಮೆ ನಮ್ಮ ಭಾಗದ ಬುತ್ತಿಯಲ್ಲೇ ಇದೆ.

ಯಾವುದು ಉಳಿಯುತ್ತದೆ, ಯಾವುದು ಉಳಿಯುವುದಿಲ್ಲ

ಆಹಾರ ಕೆಡಲು ಮುಖ್ಯ ಕಾರಣ ಅದರಲ್ಲಿರುವ ನೀರು. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಹುರಿಗಡಲೆ ಇವುಗಳಲ್ಲಿ ತೇವ ಕಡಿಮೆ. ಒಣ ಡಬ್ಬಿಯಲ್ಲಿ ಇಟ್ಟರೆ ಫ್ರಿಜ್ ಇಲ್ಲದೆಯೂ ವಾರಗಟ್ಟಲೆ ಉಳಿಯುತ್ತವೆ. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ಹಳ್ಳಿಹಳ್ಳಿಗಳಿಂದ ಲಕ್ಷಗಟ್ಟಲೆ ಜೋಳದ ರೊಟ್ಟಿ ಮುಂಚಿತವಾಗಿಯೇ ಬಂದು ಸೇರುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅನ್ನ, ಬೇಳೆ, ಪಲ್ಯದ ಮಾತು ಬೇರೆ. ಅಕ್ಕಿಯಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಹೊರಗೆ ಬೆಚ್ಚಗೆ ಉಳಿದರೆ ಅವು ಬೆಳೆದು ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ಫ್ರಿಜ್ ಇಲ್ಲದಿದ್ದರೆ ಅನ್ನವನ್ನು ಆ ಹೊತ್ತಿಗೆ ಬೇಕಾದಷ್ಟೇ ಮಾಡಿ, ಎರಡು ಗಂಟೆಯೊಳಗೆ ಉಂಡು ಮುಗಿಸಿ. ನಮ್ಮ ಬೇಸಿಗೆಯಲ್ಲಿ ಒಂದು ಗಂಟೆಯೊಳಗೇ ಮುಗಿಸುವುದು ಒಳ್ಳೆಯದು. ಬೂಸು ಹಿಡಿದ ಶೇಂಗಾವನ್ನು ಆರಿಸಿ ಉಪಯೋಗಿಸದೆ ಎಸೆದುಬಿಡಿ. ಅದರ ವಿಷ ಯಕೃತ್ತಿಗೆ ಹಾನಿ ಮಾಡುತ್ತದೆ.

ಒಬ್ಬರಿಗೆ ಒಂದು ತಿಂಗಳ ಸಾಮಾನು

• ಜೋಳದ ಹಿಟ್ಟು – 6 ಕಿಲೋ
• ಅಕ್ಕಿ – 4 ಕಿಲೋ
• ತೊಗರಿಬೇಳೆ, ಹೆಸರು, ಮಡಕೆ, ಅಲಸಂದಿ, ಕಡಲೆ ಎಲ್ಲ ಸೇರಿ – 3 ಕಿಲೋ
• ಶೇಂಗಾ – 1 ಕಿಲೋ
• ಎಣ್ಣೆ – ಮುಕ್ಕಾಲು ಲೀಟರ್
• ಮೊಟ್ಟೆ – 15
• ಉಳ್ಳಾಗಡ್ಡಿ, ಸೊಪ್ಪು, ನಿಂಬೆಹಣ್ಣು, ಮೊಸರು – ವಾರವಾರಕ್ಕೆ

ನಿಮ್ಮೂರಿನ ಸಂತೆಯ ದರವನ್ನು ಪ್ರತಿಯೊಂದರ ಮುಂದೆ ಬರೆದು ಕೂಡಿಸಿ, 30ರಿಂದ ಭಾಗಿಸಿ. ಗ್ಯಾಸಿನ ಪಾಲನ್ನೂ ಸೇರಿಸಿ. ಮನೆಯ ಪಡಿತರ ಅಕ್ಕಿಯೋ ಹೊಲದ ಜೋಳವೋ ಬಂದರೆ ಲೆಕ್ಕ ಇನ್ನಷ್ಟು ಇಳಿಯುತ್ತದೆ.

ಪ್ರೋಟೀನ್ ಲೆಕ್ಕವೂ ಸರಿಹೋಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ, ದೇಹದ ತೂಕದ ಕಿಲೋಗೆ 0.83 ಗ್ರಾಂ ಬೇಕು. 55 ಕಿಲೋ ತೂಕದವರಿಗೆ ಸುಮಾರು 46 ಗ್ರಾಂ. ಮೇಲಿನ ಪಟ್ಟಿಯಿಂದ ದಿನಕ್ಕೆ 60 ಗ್ರಾಂ ಆಸುಪಾಸು ಸಿಗುತ್ತದೆ. ಜೋಳದಲ್ಲಿ ಕೊರತೆ ಇರುವ ಅಂಶ ಕಾಳಿನಲ್ಲಿದೆ, ಕಾಳಿನಲ್ಲಿ ಕೊರತೆ ಇರುವುದು ಜೋಳದಲ್ಲಿದೆ. ರೊಟ್ಟಿ ಜೊತೆ ಕಾಳುಪಲ್ಯ ಎಂಬ ಹಿರಿಯರ ಜೋಡಿ ಸುಮ್ಮನೆ ಆದದ್ದಲ್ಲ.

ವಾರದ ಕೆಲಸ

ಭಾನುವಾರ ಎರಡು ಗಂಟೆ ಮೀಸಲಿಡಿ. ಒಬ್ಬರು ರೊಟ್ಟಿ ಬಡಿದರೆ ಮತ್ತೊಬ್ಬರು ಬೇಯಿಸಿ ಒಣಗಿಸಲಿ, ಇನ್ನೊಬ್ಬರು ಶೇಂಗಾ ಹುರಿದು ಹಿಂಡಿ ಕುಟ್ಟಲಿ. ಉಳಿದ ದಿನಗಳಲ್ಲಿ ರಾತ್ರಿ ಒಂದು ಹಿಡಿ ಕಾಳು ನೆನೆಹಾಕಿ, ಬೆಳಿಗ್ಗೆ ಬಟ್ಟೆಯಲ್ಲಿ ಕಟ್ಟಿಡಿ. ಮರುದಿನಕ್ಕೆ ಮೊಳಕೆ ಸಿದ್ಧ. ಅದನ್ನು ಚೆನ್ನಾಗಿ ಬೇಯಿಸಿ ತಿನ್ನಿ. ಬೆಳಿಗ್ಗೆ ಮೊಳಕೆ ಕಾಳು ಇಲ್ಲವೇ ಮೊಟ್ಟೆ, ಮಧ್ಯಾಹ್ನದ ಡಬ್ಬಿಗೆ ರೊಟ್ಟಿ, ಹಿಂಡಿ, ಉಳ್ಳಾಗಡ್ಡಿ, ರಾತ್ರಿ ಬಿಸಿ ಅನ್ನ, ಸೊಪ್ಪಿನ ಬೇಳೆ. ಊಟಕ್ಕೆ ನಿಂಬೆ ಹಿಂಡಿಕೊಂಡರೆ ಸೊಪ್ಪು, ಕಾಳುಗಳ ಕಬ್ಬಿಣಾಂಶ ಮೈಗೆ ಹತ್ತುತ್ತದೆ. ಊಟದ ಜೊತೆಗೇ ಚಹಾ ಕುಡಿದರೆ ಹತ್ತುವುದಿಲ್ಲ. ಚಹಾಕ್ಕೆ ಒಂದು ಗಂಟೆ ಅಂತರವಿರಲಿ.

ರಂಜಾನ್‌ನಲ್ಲಿ ಕೋಣೆಯಲ್ಲಿದ್ದು ರೋಜಾ ಹಿಡಿಯುವವರು ಸಹರಿಗೆ ಏಳಲಾಗದೆ ಬರೀ ನೀರು ಕುಡಿದು ಮಲಗುವುದುಂಟು. ರೊಟ್ಟಿ, ಹಿಂಡಿ ಡಬ್ಬಿಯಲ್ಲಿದ್ದರೆ, ಮೊಸರಿನೊಂದಿಗೆ ಹತ್ತು ನಿಮಿಷದಲ್ಲಿ ಸಹರಿ ಮುಗಿಯುತ್ತದೆ.

ಪಾಲಕರಲ್ಲಿ ಒಂದು ಮಾತು. 2023ರ ಜೂನ್‌ನಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ವಿದ್ಯಾರ್ಥಿನಿಯರ ಪ್ರಯಾಣ ಉಚಿತ. ಹದಿನೈದು ದಿನಕ್ಕೊಮ್ಮೆ ಮಗಳು ಊರಿಗೆ ಬಂದರೆ ಬುತ್ತಿ ಕಟ್ಟಿ ಕಳಿಸಿ. ಗಂಡುಮಕ್ಕಳಿಗೂ ರೊಟ್ಟಿ ಬಡಿಯುವುದನ್ನು, ಬೇಳೆ ಬೇಯಿಸುವುದನ್ನು ಮನೆಯಲ್ಲೇ ಕಲಿಸಿ. ಅಡುಗೆ ಬಾರದ ಹುಡುಗನ ಹಣವೇ ಹೋಟೆಲಿನಲ್ಲಿ ಬೇಗ ಕರಗುವುದು.

ಅರ್ಜಿದಾರರ ಗಮನಕ್ಕೆ

ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಶುಲ್ಕ, ಪುಸ್ತಕಗಳ ಜೊತೆ ಊಟದ ಖರ್ಚನ್ನೂ ಸಂಕೋಚವಿಲ್ಲದೆ ಬರೆಯಿರಿ. ಇಷ್ಟೆಲ್ಲ ಯೋಜಿಸಿದರೂ ತಿಂಗಳ ಕೊನೆಗೆ ಹಣ ಸಾಲದಿದ್ದರೆ, ಊಟ ಬಿಡುವ ಮೊದಲು ಟ್ರಸ್ಟಿನ ಕಚೇರಿಗೆ ತಿಳಿಸಿ. ಹಸಿದು ಓದಿ ಎಂದು ನಾವು ಯಾರಿಗೂ ಹೇಳುವುದಿಲ್ಲ.