ಡೈಪರ್, ವೈದ್ಯಕೀಯ ಸಲಕರಣೆಗಳ ತೆರಿಗೆ ಇಳಿಕೆ: ವಿಶೇಷ ಅಗತ್ಯದ ಮಕ್ಕಳಿಗೆ ತಲುಪುವ ಬಗೆ

ಸೆರೆಬ್ರಲ್ ಪಾಲ್ಸಿ, ಬೆನ್ನುಹುರಿಯ ಜನ್ಮಜಾತ ದೋಷ ಮುಂತಾದ ಕಾರಣಗಳಿಂದ ಮಲಮೂತ್ರಗಳ ಮೇಲೆ ಹತೋಟಿ ಇಲ್ಲದ ಮಕ್ಕಳಿಗೆ ಡೈಪರ್ ಶೈಶವದೊಂದಿಗೆ ಮುಗಿಯುವ ವೆಚ್ಚವಲ್ಲ. ಅದು ಅಕ್ಕಿ, ಬೇಳೆಗಳಂತೆ ಪ್ರತಿ ತಿಂಗಳ ಖರ್ಚು. ಈ ಹೊರೆಯನ್ನು ತಗ್ಗಿಸಲು ಕಾನೂನಿನಲ್ಲಿರುವ ಅವಕಾಶಗಳನ್ನು ವರ್ತಕರೂ ತಯಾರಕರೂ ಅರಿತಿರುವುದು ಅಗತ್ಯ.

ಮಾರಾಟದ ದರ: 22-9-2025ರಿಂದ ಮಕ್ಕಳ ನ್ಯಾಪ್‌ಕಿನ್ ಹಾಗೂ ಚಿಕಿತ್ಸಾ ಡೈಪರ್‌ಗಳ ಮೇಲಿನ ಜಿಎಸ್‌ಟಿಯನ್ನು ಶೇ. 12ರಿಂದ ಶೇ. 5ಕ್ಕೆ ಇಳಿಸಲಾಯಿತು. ಕ್ಯಾಥೆಟರ್‌ನಂತಹ ವೈದ್ಯಕೀಯ ಸಲಕರಣೆಗಳಿಗೂ ಇದೇ ಇಳಿಕೆ ಅನ್ವಯಿಸಿತು. ಗಾಲಿಕುರ್ಚಿಗೆ ಮೊದಲೇ ಶೇ. 5 ಇತ್ತು. ತೆರಿಗೆಪೂರ್ವ ಬೆಲೆ ರೂ. 1,000 ಇರುವ ಡೈಪರ್‌ಗಳಿಗೆ ಗ್ರಾಹಕರು ರೂ. 1,120ರ ಬದಲು ರೂ. 1,050 ತೆತ್ತರೆ ಸಾಕು. ಪ್ರತಿ ತಿಂಗಳೂ ಅಷ್ಟನ್ನೇ ಕೊಳ್ಳುವ ಕುಟುಂಬಕ್ಕೆ ವರ್ಷಕ್ಕೆ ರೂ. 840 ಉಳಿತಾಯ. ಆದರೆ ಬೆಲೆಯನ್ನು ಇಳಿಸದಿದ್ದಲ್ಲಿ ಈ ಉಳಿತಾಯ ಮಗುವಿನ ಮನೆಗೆ ತಲುಪದು. ತೆರಿಗೆ ಇಳಿಕೆಯ ಲಾಭವನ್ನು ಗ್ರಾಹಕರಿಗೆ ವರ್ಗಾಯಿಸಬೇಕೆಂಬ 171ನೇ ಕಲಂನಡಿ ಹೊಸ ದೂರುಗಳ ಸ್ವೀಕಾರ 1-4-2025ರಿಂದ ನಿಂತಿರುವುದರಿಂದ, ಇದು ಬಹುಮಟ್ಟಿಗೆ ವ್ಯಾಪಾರಿಗಳ ವಿವೇಚನೆಗೇ ಉಳಿದಿದೆ.

ತಯಾರಕರಿಗೆ: ಡೈಪರ್ ತಯಾರಿಕೆಗೆ ಬೇಕಾದ ಪ್ಲಾಸ್ಟಿಕ್ ಹಾಳೆ, ದ್ರವ ಹೀರುವ ಪಾಲಿಮರ್, ಅಂಟುಗಳಿಗೆ ಶೇ. 18 ತೆರಿಗೆ ಇದೆ. ಸಿದ್ಧವಸ್ತುವಿಗೆ ಶೇ. 5 ಮಾತ್ರ. ಇದರಿಂದ ಬಳಕೆಯಾಗದೆ ಉಳಿಯುವ ಇನ್‌ಪುಟ್ ತೆರಿಗೆ ಜಮೆಯನ್ನು 54(3)ನೇ ಕಲಂನಡಿ ಎರಡು ವರ್ಷಗಳೊಳಗೆ ಮರುಪಾವತಿಯಾಗಿ ಕೋರಬಹುದು. ಯಂತ್ರೋಪಕರಣ ಹಾಗೂ ಸೇವೆಗಳ ಮೇಲಿನ ತೆರಿಗೆ ಇದಕ್ಕೆ ಸೇರದು. ಸೇವೆಗಳನ್ನು ಹೊರಗಿಟ್ಟಿರುವುದನ್ನು ಸರ್ವೋಚ್ಚ ನ್ಯಾಯಾಲಯ 2021ರಲ್ಲಿ ಎತ್ತಿಹಿಡಿದಿದೆ. ಬೆಲೆ ನಿಗದಿಪಡಿಸುವಾಗ ಈ ಅಂಶವನ್ನು ಲೆಕ್ಕಕ್ಕೆ ಹಿಡಿಯತಕ್ಕದ್ದು.

ಬಾಳಿಕೆಯ ಸಾಧನಗಳು: ಶೇ. 40 ಅಥವಾ ಹೆಚ್ಚಿನ ಅಂಗವೈಕಲ್ಯದ ಪ್ರಮಾಣಪತ್ರವಿರುವವರಿಗೆ, ಆದಾಯ ಮಿತಿಗೊಳಪಟ್ಟು, ಗಾಲಿಕುರ್ಚಿ ಮುಂತಾದ ಸಾಧನಗಳು ಕೇಂದ್ರದ 'ಅಡಿಪ್' ಯೋಜನೆಯಲ್ಲಿ ದೊರೆಯುತ್ತವೆ. ಕಾನ್ಪುರದ ಸರ್ಕಾರಿ ಸಂಸ್ಥೆ ಅಲಿಮ್ಕೊ ಇವುಗಳ ಪ್ರಮುಖ ತಯಾರಕ. ಯೋಜನೆಯ ಉದ್ದೇಶ ಸಾಧನಗಳ ಪೂರೈಕೆ. ತಿಂಗಳ ಡೈಪರ್ ವೆಚ್ಚವನ್ನು ಕುಟುಂಬವೇ ಭರಿಸಬೇಕಾಗುತ್ತದೆ.

ಆದಾಯ ತೆರಿಗೆ: ಅವಲಂಬಿತ ಮಗುವಿನ ಅಂಗವೈಕಲ್ಯ ಶೇ. 40ಕ್ಕಿಂತ ಕಡಿಮೆ ಇಲ್ಲದಿದ್ದರೆ ರೂ. 75,000, ಶೇ. 80 ಅಥವಾ ಹೆಚ್ಚಿದ್ದರೆ ರೂ. 1,25,000 ಕಡಿತ ಲಭ್ಯ. 1961ರ ಕಾಯ್ದೆಯ 80ಡಿಡಿ ಕಲಂನ ಈ ಸೌಲಭ್ಯ 2025ರ ಕಾಯ್ದೆಯಲ್ಲೂ ಉಳಿದಿದೆ. ಮಗುವಿಗಾಗಿ ವೆಚ್ಚ ಮಾಡಿರುವವರಿಗೆ, ವೆಚ್ಚದ ಮೊತ್ತ ಎಷ್ಟೇ ಇರಲಿ, ಕಡಿತ ಪೂರ್ಣ ದೊರೆಯುತ್ತದೆ. ಪ್ರಮಾಣಪತ್ರ ಮಾತ್ರ ಕಡ್ಡಾಯ. ಶೇ. 20ರ ಹಂತದವರಿಗೆ ರೂ. 75,000ದಿಂದ ಸೆಸ್ ಸೇರಿ ರೂ. 15,600 ಉಳಿಯುತ್ತದೆ. ಹೊಸ ತೆರಿಗೆ ಪದ್ಧತಿಯಲ್ಲಿ ಈ ಕಡಿತವಿಲ್ಲ. ಆದುದರಿಂದ ಇಂತಹ ಮಕ್ಕಳಿರುವ ನೌಕರರು ಎರಡೂ ಪದ್ಧತಿಗಳನ್ನು ಹೋಲಿಸಿ ನೋಡುವಂತೆ, ವೇತನದಿಂದ ತೆರಿಗೆ ಕಡಿತಗೊಳಿಸುವ ಮುನ್ನವೇ ಮಾಲೀಕರು ತಿಳಿಸುವುದು ಒಳಿತು.

ಇಳಿದ ದರ ಬಿಲ್ಲಿನಲ್ಲಿ ಕಾಣಬೇಕು. ಶಿಶುವಿನ ಅಳತೆ ಚಿಕ್ಕದಾಗಿ, ವಯಸ್ಕರ ಅಳತೆ ದೊಡ್ಡದಾಗುವ ಮಕ್ಕಳಿಗೆ ಹೊಂದುವ ಡೈಪರ್ ಅಂಗಡಿಯಲ್ಲಿ ಸಿಗಬೇಕು. ಇವೆರಡೂ ವರ್ತಕ ಬಾಂಧವರ ಕೈಯಲ್ಲಿಯೇ ಇವೆ.