ಮೊದಲ ವರ್ಷ ಅರ್ಧ ಫೀ ಮಾಫ್. ಎರಡನೇ ವರ್ಷ?

"ನಿಮ್ಮ ಮಗಳ ಅಂಕಕ್ಕ ಅರ್ಧ ಫೀ ಮಾಫ್" ಅಂತ ಕಾಲೇಜಿನವರು ಫೋನ್ ಮಾಡಿದ್ರ, ಕೊಡಂಬಲ ಊರಿನ ಯಾವ ಮನಿಯೊಳಗರೆ ಖುಷಿ ಆಗೂದಿಲ್ಲ? ಆದ್ರ ಕೇಳ್ರಿ: ಎಷ್ಟು ವರ್ಷಕ್ಕ? ಒಂದು ವಿಷಯ ಹೋದ್ರ ಮಾಫಿ ಉಳೀತದೋ ಇಲ್ಲೋ? ಉತ್ತರ ಬರೆದು ಕೊಡ್ಲಿ.

ಫೀ ವರ್ಷಕ್ಕ 1 ಲಕ್ಷ, ಮೊದಲ ವರ್ಷಕ್ಕಷ್ಟೇ ಅರ್ಧ ಮಾಫಿ ಅಂತ ಇಟ್ಕೊಳ್ರಿ. ನಾಲ್ಕು ವರ್ಷಕ್ಕ ಕಟ್ಟೂದು ಮೂರೂವರೆ ಲಕ್ಷ. ಹಾಸ್ಟೆಲ್, ಊಟ ಬೇರೆ.

ಈಗ ಸಿಇಟಿ ದಾರಿ ನೋಡ್ರಿ. ಮನಿ ಆದಾಯ 8 ಲಕ್ಷದೊಳಗಿದ್ರ ಎಂಜಿನಿಯರಿಂಗ್‌ದಾಗ ಎಸ್‌ಎನ್‌ಕ್ಯೂ (ಸೂಪರ್‌ನ್ಯೂಮರರಿ ಕೋಟಾ) ಸೀಟು ಕೇಳಬಹುದು. ಬೋಧನಾ ಶುಲ್ಕ ಮಾಫ್, ಉಳಿದ ಶುಲ್ಕ ಇರ್ತಾವ. ಆದಾಯ ಬಾಗಿಲು ತೆಗೀತದ, ರ‍್ಯಾಂಕ್ ಸೀಟು ಕೊಡ್ತದ.

ಡಿಗ್ರಿಗೂ ಹಂಗೇ. ಪಿಯುಸಿಯೊಳಗ ಬೋರ್ಡಿನ ಮೇಲಿನ 20 ಪರ್ಸೆಂಟೈಲ್‌ದಾಗ ಇದ್ದು, ಆದಾಯ ನಾಲ್ಕೂವರೆ ಲಕ್ಷದೊಳಗಿದ್ರ ಕೇಂದ್ರದ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಬಹುದು. ಸಿಕ್ರ ವರ್ಷಕ್ಕ 12,000. ಮುಂದುವರೀಬೇಕಂದ್ರ 50% ಅಂಕ, 75% ಹಾಜರಿ ಬೇಕು.

ಸರಕಾರದ ಅರಿವು ಯೋಜನೆ? ಅದು ಸಾಲ, ತೀರಿಸಬೇಕು. ಸ್ಕಾಲರ್‌ಶಿಪ್ ಲೆಕ್ಕದಾಗ ಹಿಡೀಬ್ಯಾಡ್ರಿ.

ನಮಗ ಸಂವಿಧಾನದ 371ಜೆ ಕಲಂ ಅದ. ಕಲ್ಯಾಣ ಕರ್ನಾಟಕದ ಕಾಲೇಜಿನಾಗ 70% ಸೀಟು ನಮ್ಮ ಭಾಗದವರಿಗೆ. ಅದು ರೊಕ್ಕ ಕೊಡೂದಿಲ್ಲ, ಖರೆ. ಆದ್ರ ಬೀದರ್, ಭಾಲ್ಕಿಯೊಳಗ ಸರಕಾರಿ ಕೋಟಾದ ಸೀಟು ಸಿಕ್ರ ಬೆಂಗಳೂರಿನ ರೂಮ್ ಬಾಡಿಗಿ ಉಳೀತದ. ನನ್ನ ಕೇಳಿದ್ರ, ಎಷ್ಟೋ ಮೆರಿಟ್ ಮಾಫಿಗಿಂತ ಅದೇ ದೊಡ್ಡದು.

ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ, ಉಪವಿಭಾಗಾಧಿಕಾರಿಯಿಂದ 371ಜೆ ಪತ್ರ. ಇವೆರಡನ್ನೂ ಸಿಇಟಿ ಅರ್ಜಿ ಹಾಕೂದಕ್ಕಿಂತ ಮೊದಲೇ ಮಾಡಿಸಿ ಇಟ್ಕೊಳ್ರಿ.