ಕಣ ಕಿರಿದಾದರೆ ಹರಳಿನ ರೂಪವೇ ಬೇರೆ

ಹಲ್ಲಿನ ಕ್ಯಾಪ್‌ಗೆ ಬಳಸುವ ಜಿರ್ಕೋನಿಯಾ ಸುಮಾರು 1170 ಡಿಗ್ರಿ ಸೆಲ್ಸಿಯಸ್ ದಾಟಿದರೆ ಟೆಟ್ರಾಗೋನಲ್ ಹರಳಾಗುತ್ತದೆ. ತಣಿದಾಗ ಮತ್ತೆ ಮೊನೊಕ್ಲಿನಿಕ್. ಆಗ ಅದು ಹಿಗ್ಗುವುದರಿಂದ, ಬೇರೇನೂ ಬೆರೆಸದ ಶುದ್ಧ ಜಿರ್ಕೋನಿಯಾ ಬಿರುಕು ಬಿಡುತ್ತದೆ.

ಕಣ ತೀರಾ ಚಿಕ್ಕದಾದರೆ?

ಸುಮಾರು 30 ನ್ಯಾನೊಮೀಟರ್‌ಗಿಂತ ಕಿರಿದಾದ ಹರಳುಗಳು ತಣ್ಣಗಿದ್ದರೂ ಟೆಟ್ರಾಗೋನಲ್ ಆಗಿಯೇ ಉಳಿಯಬಲ್ಲವು ಎಂದು 1965ರಲ್ಲಿ ವಿಜ್ಞಾನಿ ಗಾರ್ವಿ ತೋರಿಸಿದರು. ಗುಟ್ಟು ಇರುವುದು ಹೊರಮೈಯಲ್ಲಿ. ಕಣ ಕುಗ್ಗಿದಷ್ಟೂ ಮೇಲ್ಮೈಯಲ್ಲಿರುವ ಪರಮಾಣುಗಳ ಪಾಲು ಏರುತ್ತದೆ. ಮೇಲ್ಮೈ ಶಕ್ತಿ ಕಡಿಮೆಯಿರುವ ರೂಪವೇ ಗೆಲ್ಲುತ್ತದೆ.

ಬಿಳಿ ಪೇಂಟಿನ ಟೈಟಾನಿಯಾದಲ್ಲೂ ಹೀಗೆಯೇ. ದೊಡ್ಡ ಹರಳುಗಳಲ್ಲಿ ಸ್ಥಿರವಾದದ್ದು ರೂಟೈಲ್. ಸುಮಾರು 14 ನ್ಯಾನೊಮೀಟರ್‌ಗಿಂತ ಕೆಳಗೆ ಅನಟೇಸ್. ಕಾಯಿಸಿದರೆ ಕಣಗಳು ಬೆಳೆದು ರೂಟೈಲ್‌ನತ್ತ ತಿರುಗುತ್ತವೆ. ಅನಟೇಸ್ ಬೇಕೆಂದರೆ ಒಲೆಯ ಬಿಸಿಯನ್ನೂ ಕಾಯಿಸುವ ಹೊತ್ತನ್ನೂ ಹಿಡಿತದಲ್ಲಿಡಬೇಕು.